ಗುರುವಾರದ ಹಬ್ಬ ಮಂಗಳವಾರಕ್ಕೆ ಸರಿದ ಊರು: ಹ್ಯಾಮ್‌ಟ್ರ್ಯಾಮಿಕ್‌ನ ಪೋಲಿಷ್ ಆಚರಣೆಗಳು, ಒಂದು ಪ್ರಕರಣ ಅಧ್ಯಯನ

ಡೆಟ್ರಾಯಿಟ್ ಸುತ್ತಮುತ್ತಲಿನ ಕಾರು ಕಂಪನಿಗಳಲ್ಲಿ ದುಡಿಯುವ ಕನ್ನಡಿಗರಿಗೆ ಚಳಿಗಾಲದ ಕೊನೆಯಲ್ಲಿ ಬರುವ ಒಂದು ಮಂಗಳವಾರ ಚೆನ್ನಾಗಿ ಗೊತ್ತು. ಅಂದು ಬೆಳಿಗ್ಗೆ ಆಫೀಸಿನ ಕಾಫಿ ಯಂತ್ರದ ಪಕ್ಕದ ಮೇಜಿನ ಮೇಲೆ ರಟ್ಟಿನ ಡಬ್ಬಗಳು ಒಂದರ ಮೇಲೊಂದು ಏರಿರುತ್ತವೆ. ಒಳಗೆ ಅಂಗೈ ಅಗಲದ, ನಡುವೆ ತೂತಿಲ್ಲದ, ಕಚ್ಚಿದರೆ ಹಣ್ಣಿನ ಹೂರಣ ಹೊರಗೆ ಬರುವ ಕರಿದ ತಿಂಡಿ. ಹೆಸರು ಪೊಂಚ್ಕಿ. ಮಿಷಿಗನ್ನಿನ ಬಾಯಲ್ಲಿ ಅದು ‘ಪೂಂಚ್ಕಿ’ಯಾಗಿದೆ. ಪೋಲಿಷ್ ಭಾಷೆಯಲ್ಲಿ ಒಂದಾದರೆ ಪೊಂಚೆಕ್, ಹಲವಾದರೆ ಪೊಂಚ್ಕಿ. ಇಲ್ಲಿನವರು ಬಹುವಚನಕ್ಕೆ ಇನ್ನೊಂದು ಬಹುವಚನ ಸೇರಿಸಿ ‘ಪೂಂಚ್ಕೀಸ್’ ಎನ್ನುತ್ತಾರೆ. ನಾವು ‘ಲೇಡೀಸ್‌ಗಳು’ ಎನ್ನುವುದಿಲ್ಲವೇ, ಹಾಗೆ. ಡಬ್ಬ ತಂದವರು ಪೋಲಿಷ್ ಮೂಲದವರೇ ಆಗಿರಬೇಕೆಂದಿಲ್ಲ. ನಮ್ಮ ವಿಭಾಗಕ್ಕೆ ಎರಡು ವರ್ಷ ತಂದವರು ಹಾಸನದವರು.

ಈ ತಿಂಡಿಯ ದಿನ ಪೋಲೆಂಡಿನಲ್ಲಿ ಮಂಗಳವಾರವಲ್ಲ, ಗುರುವಾರ. ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳ ತಪಸ್ಸು ಕಾಲ ಬೂದಿ ಬುಧವಾರದಂದು ತೊಡಗುತ್ತದೆ. ಅದಕ್ಕೂ ಮುಂಚಿನ ಗುರುವಾರವನ್ನು ಪೋಲೆಂಡಿನವರು ‘ತ್ವುಸ್ತಿ ಚ್ವಾರ್ತೆಕ್’, ಅಂದರೆ ಕೊಬ್ಬಿನ ಗುರುವಾರ, ಎಂದು ಕರೆದು ಆ ದಿನ ಹೊಟ್ಟೆ ಬಿರಿಯೆ ಪೊಂಚ್ಕಿ ತಿನ್ನುತ್ತಾರೆ. ಅಮೆರಿಕದಲ್ಲಿ ಫ್ರೆಂಚರ ಮತ್ತು ಇಂಗ್ಲಿಷರ ರೂಢಿಯಂತೆ ವ್ರತಕ್ಕೆ ಮುಂಚಿನ ಭೋಜನ ಮಂಗಳವಾರ ನಡೆಯುತ್ತಿತ್ತು. ಗುರುವಾರದ ಪೋಲಿಷ್ ತಿಂಡಿ ಆ ಮಂಗಳವಾರಕ್ಕೆ ಸರಿದು ಅಲ್ಲಿಯೇ ನೆಲೆಯಾಯಿತು. ದಿನ ತಪ್ಪಿತು, ಹೆಸರಿನ ಉಚ್ಚಾರ ತಪ್ಪಿತು, ವ್ರತದ ನೆನಪೂ ಬಹುಪಾಲು ಹೋಯಿತು. ಆದರೂ ಆ ತಿಂಡಿ ಇಂದು ಮಿಷಿಗನ್ನಿನಲ್ಲಿ ಹಿಂದೆಂದಿಗಿಂತ ಜೋರಾಗಿ ನಡೆಯುತ್ತಿದೆ. ಅದೇ ಮನೆಗಳಲ್ಲಿ, ಅದೇ ಜನರ ನಡುವೆ, ಪೋಲಿಷರು ವರ್ಷದ ಅತಿ ದೊಡ್ಡ ಸಂಜೆಯೆಂದು ಎಣಿಸುತ್ತಿದ್ದ ಕ್ರಿಸ್ಮಸ್ ಮುನ್ನಾದಿನದ ವಿಗಿಲಿಯಾ ಊಟ ಮಾತ್ರ ತಲೆಮಾರಿನಿಂದ ತಲೆಮಾರಿಗೆ ಸವೆಯುತ್ತ ಬಂದಿದೆ. ಒಂದು ಬೆಳೆದು ಇನ್ನೊಂದು ಸವೆದದ್ದು ಏಕೆ ಎಂಬುದನ್ನು ಒಂದು ಊರು ಮತ್ತು ಆ ಊರಿನಿಂದ ಹೊರಬಂದ ಒಂದು ಮನೆಯ ಮೂಲಕ ನೋಡುವುದು ಈ ಬರಹದ ಉದ್ದೇಶ. ಮನೆ ನನ್ನ ಸಹೋದ್ಯೋಗಿಯೊಬ್ಬರದು. ಅವರ ಹೆಸರನ್ನಾಗಲಿ ಗುರುತನ್ನಾಗಲಿ ಇಲ್ಲಿ ಕೊಡುವುದಿಲ್ಲ.

ಊರು

ಹ್ಯಾಮ್‌ಟ್ರ್ಯಾಮಿಕ್ ಹೆಚ್ಚುಕಡಿಮೆ ಪೂರ್ತಿಯಾಗಿ ಡೆಟ್ರಾಯಿಟ್ ನಗರದ ಹೊಟ್ಟೆಯೊಳಗೇ ಇರುವ, ಸುಮಾರು ಎರಡು ಚದರ ಮೈಲಿಯ ಪುಟ್ಟ ಪ್ರತ್ಯೇಕ ನಗರ. 1910ರ ಜನಗಣತಿಯಲ್ಲಿ ಅಲ್ಲಿದ್ದವರು 3,559 ಜನ. ಆ ಹೊತ್ತಿಗೆ ಡಾಜ್ ಸಹೋದರರು ಅಲ್ಲಿ ಕಾರು ಕಾರ್ಖಾನೆ ಕಟ್ಟಿದರು. 1920ಕ್ಕೆ ಜನಸಂಖ್ಯೆ 48,615ಕ್ಕೆ ಏರಿತು. ಹತ್ತೇ ವರ್ಷಗಳಲ್ಲಿ ಹದಿಮೂರು ಪಟ್ಟಿಗೂ ಮೀರಿ ಬೆಳೆದ ಈ ಊರಿಗೆ ಬಂದವರಲ್ಲಿ ದೊಡ್ಡ ಪಾಲು ಪೋಲಿಷರದು. ಅವರು ಬಂದದ್ದು ಭೂಪಟದಲ್ಲಿ ಇಲ್ಲದ ದೇಶದಿಂದ, ಏಕೆಂದರೆ 1795ರಲ್ಲಿ ಪೋಲೆಂಡನ್ನು ರಷ್ಯಾ, ಪ್ರಷ್ಯಾ ಮತ್ತು ಆಸ್ಟ್ರಿಯಾ ಪೂರ್ತಿಯಾಗಿ ಹಂಚಿಕೊಂಡಿದ್ದವು; ಅದು ಮತ್ತೆ ದೇಶವಾಗಿ ನಿಂತದ್ದು 1918ರಲ್ಲಿ. ರಾಜ್ಯವಿಲ್ಲದ ಈ ಜನರಿಗೆ ಚರ್ಚು, ಭಾಷೆ ಮತ್ತು ಹಬ್ಬಗಳೇ ಊರಾಗಿದ್ದವು ಎಂಬ ಮಾತಿನಲ್ಲಿ ಉತ್ಪ್ರೇಕ್ಷೆ ಇಲ್ಲ. ಅವರು ಕಟ್ಟಿಕೊಂಡ ಸಂತ ಫ್ಲೋರಿಯನ್ ಚರ್ಚಿನ ಶಿಖರ ಇಂದಿಗೂ ಕೆಲಸಗಾರರ ಪುಟ್ಟ ಮನೆಗಳ ಸಾಲಿನ ಮೇಲೆ ಎದ್ದು ನಿಂತಿದೆ. ಜೋಸೆಫ್ ಕ್ಯಾಂಪೋ ಬೀದಿಯಲ್ಲಿ ಬೇಕರಿ, ಸಾಸೇಜು ಅಂಗಡಿ, ಪೋಲಿಷ್ ಪತ್ರಿಕೆ ಎಲ್ಲವೂ ಸಿಗುತ್ತಿದ್ದವು. ಇಂಗ್ಲಿಷಿನ ಒಂದು ಪದ ಬಾರದೆಯೂ ಒಬ್ಬ ಹೆಂಗಸು ಆ ಊರಿನಲ್ಲಿ ಬಾಳಿ ಮುಗಿಸಬಹುದಾಗಿತ್ತು.

ಹಾಗೆ ಬಾಳಿದ ತಲೆಮಾರು ಒಂದೇ. 1924ರ ವಲಸೆ ಕಾಯಿದೆ ಪೂರ್ವ ಮತ್ತು ದಕ್ಷಿಣ ಯೂರೋಪಿನಿಂದ ಬರುವವರ ದಾರಿಯನ್ನು ಬಹುಪಾಲು ಮುಚ್ಚಿದ್ದರಿಂದ ಹೊಸ ನೀರು ಹರಿಯುವುದು ನಿಂತಿತು. ಎರಡನೆಯ ಮಹಾಯುದ್ಧದ ನಂತರ ನಿರಾಶ್ರಿತರಾಗಿ ಒಂದಿಷ್ಟು ಜನ, 1980ರ ದಶಕದಲ್ಲಿ ಪೋಲೆಂಡಿನ ಕಾರ್ಮಿಕರ ಸಾಲಿಡಾರಿಟಿ ಚಳವಳಿಯನ್ನು ಅಲ್ಲಿನ ಕಮ್ಯುನಿಸ್ಟ್ ಸರ್ಕಾರ ಹತ್ತಿಕ್ಕಿದಾಗ ಇನ್ನೊಂದಿಷ್ಟು ಜನ ಬಂದರೂ ಅವರಲ್ಲಿ ಅನೇಕರು ಷಿಕಾಗೋ ಕಡೆಗೆ ಹೋದರು. ಹ್ಯಾಮ್‌ಟ್ರ್ಯಾಮಿಕ್‌ನ ಮಕ್ಕಳು ಕಾರಿನ ಹಣದಲ್ಲಿ ಓದಿ, ವಾರೆನ್, ಸ್ಟರ್ಲಿಂಗ್ ಹೈಟ್ಸ್, ಟ್ರಾಯ್ ಮುಂತಾದ ಉತ್ತರದ ಉಪನಗರಗಳಲ್ಲಿ ಅಂಗಳವಿರುವ ಮನೆ ಕೊಂಡರು. 1980ರ ಜನವರಿಯಲ್ಲಿ ಡಾಜ್ ಕಾರ್ಖಾನೆ ಮುಚ್ಚಿತು. ಮರುವರ್ಷ ಡೆಟ್ರಾಯಿಟ್ ನಗರಾಡಳಿತ ಹೊಸ ಕಾರ್ಖಾನೆಗೆಂದು ಪಕ್ಕದ ಪೋಲ್‌ಟೌನ್ ಪ್ರದೇಶವನ್ನು ಸ್ವಾಧೀನಪಡಿಸಿಕೊಂಡು, ಸುಮಾರು 4,200 ಜನರನ್ನು ಎಬ್ಬಿಸಿ, ಮನೆಗಳ ಜೊತೆಗೆ ಇಮ್ಯಾಕ್ಯುಲೇಟ್ ಕನ್ಸೆಪ್ಷನ್ ಚರ್ಚನ್ನೂ ಕೆಡವಿತು. 1987ರ ಸೆಪ್ಟೆಂಬರಿನಲ್ಲಿ ಪೋಲೆಂಡಿನವರೇ ಆದ ಪೋಪ್ ಎರಡನೆಯ ಜಾನ್ ಪಾಲ್ ಹ್ಯಾಮ್‌ಟ್ರ್ಯಾಮಿಕ್‌ಗೆ ಬಂದಾಗ ನೆರೆದವರಲ್ಲಿ ಬಹಳಷ್ಟು ಜನ ಆಗಲೇ ಉಪನಗರಗಳಿಂದ ಕಾರಿನಲ್ಲಿ ಬಂದವರಾಗಿದ್ದರು ಎಂದು ನನ್ನ ಸಹೋದ್ಯೋಗಿಯ ತಾಯಿ ನೆನೆಯುತ್ತಾರೆ. ಅವರೂ ಹಾಗೆ ಬಂದವರೇ.

ಖಾಲಿಯಾದ ಮನೆಗಳಿಗೆ ಬಾಂಗ್ಲಾದೇಶದವರು, ಯೆಮನ್ನಿನವರು, ಬೋಸ್ನಿಯಾದವರು ಬಂದರು. 2015ರ ಚುನಾವಣೆಯಲ್ಲಿ ನಗರಸಭೆಯಲ್ಲಿ ಮುಸ್ಲಿಮರಿಗೆ ಬಹುಮತ ಬಂತು. 1922ರಲ್ಲಿ ನಗರವಾದಂದಿನಿಂದ ಸುಮಾರು ನೂರು ವರ್ಷ ಪೋಲಿಷ್ ಮೂಲದ ಮೇಯರ್‌ಗಳನ್ನೇ ಕಂಡಿದ್ದ ಊರು 2021ರಲ್ಲಿ ಯೆಮನ್ ಮೂಲದ ಅಮೇರ್ ಗಾಲಿಬ್ ಅವರನ್ನು ಆರಿಸಿತು. ಅವರೆದುರು ಸೋತ ಕ್ಯಾರನ್ ಮಯೆವ್‌ಸ್ಕಿ ಪೋಲಿಷ್ ವಲಸೆಯ ಇತಿಹಾಸವನ್ನೇ ಅಧ್ಯಯನ ಮಾಡಿದ ವಿದ್ವಾಂಸರು ಎಂಬುದು ಗಮನಿಸಬೇಕಾದ ಸಂಗತಿ. ಸದಸ್ಯರೆಲ್ಲರೂ ಮುಸ್ಲಿಮರೇ ಆದ ಆ ನಗರಸಭೆಯಲ್ಲಿ ಇಸ್ಲಾಮನ್ನು ಸ್ವೀಕರಿಸಿದ ಪೋಲಿಷ್ ಮನೆತನದ ಹೆಣ್ಣುಮಗಳೊಬ್ಬರೂ ಇದ್ದರು. ಹೊರಗಿನ ಪತ್ರಿಕೆಗಳಿಗೆ ಇದೆಲ್ಲ ದೊಡ್ಡ ಸುದ್ದಿಯಾಯಿತು. ಆದರೆ ಪೋಲಿಷ್ ಹಬ್ಬಗಳು ಮಂಕಾದದ್ದಕ್ಕೂ ಈ ಹೊಸಬರಿಗೂ ಸಂಬಂಧ ಕಲ್ಪಿಸುವುದು ತಪ್ಪು. ಅವರು ಬರುವ ಹೊತ್ತಿಗೆ ಹಬ್ಬ ಊರು ಬಿಟ್ಟು ಆಗಿತ್ತು. ಮಂಗಳವಾರದ ಪೊಂಚ್ಕಿ ಸಾಲು ಮಾತ್ರ ಈಗಲೂ ಹ್ಯಾಮ್‌ಟ್ರ್ಯಾಮಿಕ್‌ನಲ್ಲೇ ನಿಲ್ಲುತ್ತದೆ. ಬೆಳಗಿನ ಕತ್ತಲಲ್ಲಿ, ಕೊರೆಯುವ ಚಳಿಯಲ್ಲಿ, ಉಪನಗರಗಳಿಂದ ಬಂದವರು ಅಜ್ಜಿಯ ಊರಿನ ಬೇಕರಿಯ ಮುಂದೆ ಕೈ ಉಜ್ಜಿಕೊಳ್ಳುತ್ತ ನಿಂತಿರುತ್ತಾರೆ.

ಆ ಸಂಜೆ ಏನನ್ನು ಬೇಡುತ್ತದೆ

ಡಿಸೆಂಬರ್ 24ರ ಸಂಜೆ ಆಕಾಶದಲ್ಲಿ ಮೊದಲ ನಕ್ಷತ್ರ ಕಾಣುವವರೆಗೆ ಊಟಕ್ಕೆ ಕೂರುವಂತಿಲ್ಲ. ನಕ್ಷತ್ರ ಹುಡುಕುವುದು ಮಕ್ಕಳ ಕೆಲಸ. ಮೇಜಿನ ಬಿಳಿ ಬಟ್ಟೆಯ ಕೆಳಗೆ ಒಂದು ಹಿಡಿ ಒಣಹುಲ್ಲು, ಏಸು ಹುಟ್ಟಿದ ಕೊಟ್ಟಿಗೆಯ ನೆನಪಿಗೆ. ಬಾರದಿರುವ ಅತಿಥಿಗೆಂದು ಒಂದು ತಟ್ಟೆ ಹೆಚ್ಚಿಗೆ. ಅಡುಗೆಯಲ್ಲಿ ಮಾಂಸವಿಲ್ಲ, ಈಗ ಚರ್ಚು ಅದನ್ನು ಕಡ್ಡಾಯ ಮಾಡದಿದ್ದರೂ ಪೋಲಿಷರು ಬಿಟ್ಟಿಲ್ಲ. ಹನ್ನೆರಡು ಬಗೆ ಆಗಬೇಕು ಎನ್ನುತ್ತಾರೆ. ಹಿಂದೆ ಏಳು, ಒಂಬತ್ತು, ಹನ್ನೊಂದು ಎಂದು ಬೆಸ ಸಂಖ್ಯೆಯೇ ರೂಢಿಯಲ್ಲಿತ್ತು. ಹನ್ನೆರಡು ಆಮೇಲೆ ಗಟ್ಟಿಯಾಯಿತು. ಬೀಟ್‌ರೂಟಿನ ಕೆಂಪು ಸಾರು, ಅದರಲ್ಲಿ ಅಣಬೆ ತುಂಬಿದ ‘ಊಷ್ಕಾ’, ಅಂದರೆ ಪುಟ್ಟ ಕಿವಿಗಳು, ಹೆರಿಂಗ್ ಮೀನು, ಕಾರ್ಪ್ ಮೀನು, ಕರಿಗಡುಬಿನ ಆಕಾರದ, ಆದರೆ ಕರಿಯದೆ ನೀರಿನಲ್ಲಿ ಬೇಯಿಸುವ ಪಿಯೆರೋಗಿ, ಒಣಹಣ್ಣು ಕುದಿಸಿದ ಪಾನಕ, ಗಸಗಸೆ ಸುರುಳಿ. ಪೂರ್ವ ಭಾಗದ ಮನೆತನವಾದರೆ ಗೋಧಿ, ಗಸಗಸೆ, ಜೇನು ಸೇರಿಸಿ ಮಾಡುವ ‘ಕೂತ್ಯಾ’. ನಮ್ಮ ಕಣ್ಣಿಗೆ ಅದು ಗಟ್ಟಿ ಪಾಯಸ. ಊಟದ ಮೇಲೆ ‘ಕೊಲೆಂಡಿ’ ಎಂಬ ಹಾಡುಗಳು, ನಡುರಾತ್ರಿಗೆ ಚರ್ಚಿನಲ್ಲಿ ‘ಪಾಸ್ತೆರ್ಕಾ’ ಎಂಬ ಬಲಿಪೂಜೆ, ಅಂದರೆ ಇಂಗ್ಲಿಷಿನಲ್ಲಿ ಮಾಸ್ ಎನ್ನುವ ಪ್ರಾರ್ಥನೆ. ಆ ರಾತ್ರಿ ದನಕರುಗಳು ಮನುಷ್ಯರ ಮಾತಾಡುತ್ತವೆ ಎಂಬ ನಂಬಿಕೆಯೂ ಇದೆ.

ಇವೆಲ್ಲಕ್ಕೂ ಮೊದಲು ನಡೆಯುವುದು ಒಪ್ವಾತೆಕ್. ಹಿಟ್ಟು ಮತ್ತು ನೀರು, ಅಷ್ಟೆ. ಹಪ್ಪಳಕ್ಕಿಂತ ತೆಳುವಾದ, ಬೆಳಕಿಗೆ ಹಿಡಿದರೆ ಬೆರಳಿನ ನೆರಳು ಕಾಣುವ ಬಿಳಿ ಹಾಳೆ. ಅದರ ಮೇಲೆ ದನದ ಕೊಟ್ಟಿಗೆಯ ಚಿತ್ರ ಒತ್ತಿರುತ್ತದೆ. ಚರ್ಚಿನಲ್ಲಿ ಆಶೀರ್ವದಿಸಿದ್ದಾದರೂ ಪರಮಪ್ರಸಾದವಲ್ಲ, ಹಾಗಾಗಿ ಯಾರು ಬೇಕಾದರೂ ತಿನ್ನಬಹುದು. ಹಳ್ಳಿಗಳಲ್ಲಿ ದನಕರುಗಳಿಗೂ ಕೊಡುತ್ತಿದ್ದರು. ಅವುಗಳ ಪಾಲಿನದು ಗುಲಾಬಿ ಬಣ್ಣದ್ದು. ಮನೆಯ ಹಿರಿಯರು ಹಾಳೆಯನ್ನು ಮುರಿದು ಹಂಚುತ್ತಾರೆ. ಆಮೇಲೆ ಪ್ರತಿಯೊಬ್ಬರೂ ಪ್ರತಿಯೊಬ್ಬರ ಎದುರು ನಿಂತು, ಅವರ ಕೈಯ ತುಂಡಿನಿಂದ ಒಂದು ಚೂರು ಮುರಿದುಕೊಂಡು, ತಮ್ಮದರಿಂದ ಮುರಿಯಲು ಕೊಟ್ಟು, ಅವರಿಗೆಂದೇ ಹಾರೈಕೆ ಹೇಳಬೇಕು. ಈ ಹಾರೈಕೆ ಬಾಯಿಪಾಠದ್ದಲ್ಲ: ಅಳಿಯನಿಗೆ ಕೆಲಸ ಸಿಗಲಿ, ಅತ್ತೆಯ ಮಂಡಿನೋವು ಕಳೆಯಲಿ, ಕಳೆದ ವರ್ಷ ಆಡಿದ ಮಾತನ್ನು ಮರೆತುಬಿಡು ಎಂದು ಆಯಾ ಮನುಷ್ಯನಿಗೆ ತಕ್ಕಂತೆ ಆಡುವ ಮಾತು. ಹತ್ತು ಜನರ ಮನೆಯಲ್ಲಿ ನಲವತ್ತೈದು ಜೋಡಿಗಳಾಗುತ್ತವೆ. ಮುನಿಸಿಕೊಂಡವರು ಕೂಡ ಎದುರುಬದುರಾಗಲೇಬೇಕು. ಸಂಕ್ರಾಂತಿಯ ‘ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು’ ಎಂಬುದನ್ನು ಗೊತ್ತಿರುವ ನಮಗೆ ಇದರ ತಿರುಳನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ನಾವು ಎಳ್ಳು ಕೊಟ್ಟು ಆ ಒಂದು ವಾಕ್ಯ ಹೇಳಿದರೆ ಮುಗಿಯಿತು, ಇಲ್ಲಿ ವಾಕ್ಯವನ್ನು ಪ್ರತಿಸಲ ಹೊಸದಾಗಿ ಹುಟ್ಟಿಸಬೇಕು.

ಈ ಪ್ರಕರಣದ ಗುಟ್ಟು ಇರುವುದು ಇಲ್ಲಿಯೇ ಎಂದು ನನಗನ್ನಿಸುತ್ತದೆ. ಪೊಂಚ್ಕಿ ಬೇಡುವುದು ಹಣ ಮತ್ತು ಹೊಟ್ಟೆ. ವಿಗಿಲಿಯಾ ಬೇಡುವುದು ಬೇರೆ ಮೂರನ್ನು: ಒಂದು ನಿರ್ದಿಷ್ಟ ಸಂಜೆ, ಎರಡು ದಿನ ಒಲೆಯ ಮುಂದೆ ನಿಲ್ಲುವ ಕೈಗಳು, ಮನೆಮಂದಿಗೆಲ್ಲ ಬರುವ ಒಂದು ಭಾಷೆ. ಹ್ಯಾಮ್‌ಟ್ರ್ಯಾಮಿಕ್‌ನ ಮನೆಗಳು ಈ ಮೂರನ್ನೂ ಬೇರೆಬೇರೆ ಕಾಲದಲ್ಲಿ, ಬೇರೆಬೇರೆ ಕಾರಣಕ್ಕೆ ಕಳೆದುಕೊಂಡವು.

ಒಂದು ಮನೆ

ಸಹೋದ್ಯೋಗಿಯ ಮುತ್ತಜ್ಜ ಮೊದಲ ಮಹಾಯುದ್ಧಕ್ಕೆ ಸ್ವಲ್ಪ ಮುಂಚೆ ಆಸ್ಟ್ರಿಯಾದ ಆಳ್ವಿಕೆಯಲ್ಲಿದ್ದ ಗಲಿಷಿಯಾದಿಂದ ಬಂದು ಡಾಜ್ ಕಾರ್ಖಾನೆ ಸೇರಿದವರು. ಅವರ ಮಗಳು ಹ್ಯಾಮ್‌ಟ್ರ್ಯಾಮಿಕ್‌ನಲ್ಲೇ ಹುಟ್ಟಿದವರು. ಮನೆಯವರೆಲ್ಲ ಆಕೆಯನ್ನು ‘ಬುಶಾ’ ಎಂದು ಕರೆಯುತ್ತಿದ್ದರು. ಅಜ್ಜಿಗೆ ಪೋಲೆಂಡಿನಲ್ಲಿ ಹೇಳುವ ಪದ ‘ಬಾಬ್ಚಾ’. ಮಿಷಿಗನ್ ಮತ್ತು ಷಿಕಾಗೋ ಕಡೆಯ ಪೋಲಿಷ್ ಅಮೆರಿಕನ್ನರು ಮಾತ್ರ ಬುಶಾ ಎನ್ನುತ್ತಾರೆ. ಪೋಲೆಂಡಿನಿಂದ ಹೊಸದಾಗಿ ಬಂದವರು ಈ ಪದ ಕೇಳಿ ಕಣ್ಣರಳಿಸುತ್ತಾರಂತೆ.

ಬುಶಾ ಎರಡು ಭಾಷೆಯವರು: ಮನೆಯಲ್ಲಿ, ಚರ್ಚಿನ ಶಾಲೆಯಲ್ಲಿ ಪೋಲಿಷ್, ಅಂಗಡಿಯಲ್ಲಿ ಇಂಗ್ಲಿಷ್. ಆದರೆ ತನ್ನ ಮಕ್ಕಳೊಂದಿಗೆ ಆಕೆ ಬೇಕೆಂದೇ ಇಂಗ್ಲಿಷ್ ಆಡಿದರು. ಪೋಲಿಷರನ್ನು ದಡ್ಡರೆಂದು ಗೇಲಿ ಮಾಡುವ ನಗೆಹನಿಗಳು ಅಮೆರಿಕದಲ್ಲಿ ಮನೆಮಾತಾಗಿದ್ದ ಕಾಲವದು. ಉಚ್ಚಾರದಿಂದ ಮಗು ಸಿಕ್ಕಿಬೀಳಬಾರದು ಎಂಬುದು ತಾಯಿಯ ಲೆಕ್ಕಾಚಾರ. ದೊಡ್ಡವರು ಗುಟ್ಟು ಮಾತಾಡುವಾಗ, ಬೈಯುವಾಗ, ಜಪಮಾಲೆ ಹಿಡಿದಾಗ ಮಾತ್ರ ಪೋಲಿಷ್ ಹೊರಬರುತ್ತಿತ್ತು. ಆದ್ದರಿಂದ ಬುಶಾಳ ಮಗಳು, ಅಂದರೆ ನನ್ನ ಸಹೋದ್ಯೋಗಿಯ ತಾಯಿ, ಪೋಲಿಷನ್ನು ಕೇಳಿ ಬಲ್ಲರು, ಆಡಲಾರರು. ಈಗ ಎಪ್ಪತ್ತು ದಾಟಿರುವ ಅವರು ಸ್ಟರ್ಲಿಂಗ್ ಹೈಟ್ಸ್‌ನಲ್ಲಿದ್ದಾರೆ. ಸಹೋದ್ಯೋಗಿಗೆ ಇಪ್ಪತ್ತು ಪದ ಬರುತ್ತದೆ, ಅದರಲ್ಲಿ ಹದಿನೈದು ತಿನ್ನುವ ವಸ್ತುಗಳು. ಅವರ ಇಬ್ಬರು ಮಕ್ಕಳಿಗೆ ಬರುವುದು ಬುಶಾ, ಪಿಯೆರೋಗಿ ಮತ್ತು ಬರೆಯಲಾಗದ ಒಂದು ಬೈಗುಳ.

ಬುಶಾ ಇರುವವರೆಗೆ ವಿಗಿಲಿಯಾ ಊನವಿಲ್ಲದೆ ನಡೆಯಿತು ಎಂಬುದು ಮನೆಯವರ ನಂಬಿಕೆ. ವಿಚಾರಿಸುತ್ತ ಹೋದರೆ ಹಾಗಿರಲಿಲ್ಲ. ಕಾರ್ಪ್ ಮೀನು ಬುಶಾಳ ಕಾಲದಲ್ಲೇ ಹೋಗಿತ್ತು. ಅಮೆರಿಕದಲ್ಲಿ ಅದು ಕೆಸರಿನ ಮೀನು, ಯಾರೂ ತಿನ್ನದ ಮೀನು. ಬದಲಿಗೆ ಮಹಾಸರೋವರಗಳ ಬಿಳಿ ಮೀನು ಮೇಜಿಗೆ ಬಂದಿತ್ತು. ಪೋಲೆಂಡಿನಲ್ಲಿ ಕಾರ್ಪ್ ಇಷ್ಟು ವ್ಯಾಪಕವಾದದ್ದು ಎರಡನೆಯ ಮಹಾಯುದ್ಧದ ನಂತರ, ಕಮ್ಯುನಿಸ್ಟ್ ಸರ್ಕಾರ ಅಗ್ಗದ ಮೀನೆಂದು ಕೆರೆಗಳಲ್ಲಿ ಸಾಕಿಸಿ ಹಂಚಿದ ಮೇಲೆ. ಹಾಗಾಗಿ ಗಲಿಷಿಯಾ ಬಿಟ್ಟು ಬಂದ ಮುತ್ತಜ್ಜನ ಮನೆಯಲ್ಲಿ ಅದು ಇದ್ದಿತೋ ಇಲ್ಲವೋ! ಕ್ರಿಸ್ಮಸ್ ಮರದ ಕತೆಯೂ ಇಂಥದೇ. ದಕ್ಷಿಣ ಪೋಲೆಂಡಿನಲ್ಲಿ ಮೊದಲು ತೂಗುಹಾಕುತ್ತಿದ್ದದ್ದು ಸೂರಿನಿಂದ ತಲೆಕೆಳಗಾಗಿ ಇಳಿಬಿಟ್ಟ ಮರದ ತುದಿ, ‘ಪೊದ್ವಾಜ್ನಿಚ್ಕಾ’. ನೆಲದ ಮೇಲೆ ನಿಲ್ಲುವ ಮರ ಜರ್ಮನರಿಂದ ಬಂದು ಅದನ್ನು ಹೊರದಬ್ಬಿತು. ಕಳೆದುಹೋಯಿತೆಂದು ನಾವು ಮರುಗುವ ರೂಢಿ ಒಂದು ಕಾಲಕ್ಕೆ ಇನ್ನೊಂದನ್ನು ಕಳೆದು ಬಂದದ್ದೇ ಆಗಿರುತ್ತದೆ. ಇದನ್ನು ಸಹೋದ್ಯೋಗಿಯ ತಾಯಿಗೆ ಹೇಳಿದಾಗ ಅವರಿಗೆ ಅಷ್ಟೇನೂ ಸಮಾಧಾನವಾಗಲಿಲ್ಲ.

ಮೊದಲು ಕೈ ತಪ್ಪಿದ್ದು ಸಂಜೆ. ಅಮೆರಿಕದಲ್ಲಿ ಡಿಸೆಂಬರ್ 24 ಎಲ್ಲರಿಗೂ ರಜೆಯ ದಿನವಲ್ಲ. ಕಾರ್ಖಾನೆಯ ಎರಡನೆಯ ಪಾಳಿಯವರಿಗೆ ಮೊದಲ ನಕ್ಷತ್ರ ಕಾಣುವುದು ಕಾರ್ಖಾನೆಯ ಸೂರಿನ ಕೆಳಗೆ. ಪೋಲೆಂಡಿನಲ್ಲಿಯೇ ಅದು ಸಾರ್ವಜನಿಕ ರಜೆಯಾದದ್ದು 2025ರಲ್ಲಿ, ಆದರೆ ಅಲ್ಲಿ ಮಧ್ಯಾಹ್ನವಾಗುತ್ತಿದ್ದಂತೆ ಊರೇ ಮನೆ ಸೇರುತ್ತಿತ್ತು. ಇಲ್ಲಿ ಊರು ಮರುದಿನಕ್ಕೆ ಕಾಯುತ್ತದೆ. ಪೋಲಿಷ್ ಮಕ್ಕಳು ಉಡುಗೊರೆ ಬಿಚ್ಚುವುದು 24ರ ರಾತ್ರಿ ಊಟದ ನಂತರ. ಅಮೆರಿಕದ ಮಕ್ಕಳು 25ರ ಬೆಳಿಗ್ಗೆ. ನೆರೆಮನೆಯ ಮಕ್ಕಳನ್ನು ನೋಡಿ ಈ ಮನೆಯ ಮಕ್ಕಳೂ ಬೆಳಿಗ್ಗೆಯ ಕಡೆಗೆ ವಾಲಿದರು. ಉಡುಗೊರೆ ಆಚೆ ಹೋದ ಮೇಲೆ ಮಕ್ಕಳ ಪಾಲಿಗೆ 24ರ ಸಂಜೆ ಎಂದರೆ ಬೀಟ್‌ರೂಟ್ ಸಾರು, ಅಷ್ಟೆ. ನಕ್ಷತ್ರ ಹುಡುಕುವ ಉತ್ಸಾಹ ಎಲ್ಲಿಂದ ಬರಬೇಕು? ಮಿಷಿಗನ್ನಿನ ಡಿಸೆಂಬರ್ ಆಕಾಶದಲ್ಲಿ ಮೋಡವಿಲ್ಲದ ಸಂಜೆಯೂ ಅಪರೂಪ.

ಆಮೇಲೆ ಬಂದರು ಬೀಗರು. ಸಹೋದ್ಯೋಗಿ ಮದುವೆಯಾದದ್ದು ಇಟಲಿ ಮೂಲದ ಮನೆತನದ ಹೆಣ್ಣನ್ನು. ಇಬ್ಬರೂ ಕ್ಯಾಥೊಲಿಕರು, ಹಾಗಾಗಿ ಮದುವೆಗೆ ಯಾರ ತಕರಾರೂ ಇರಲಿಲ್ಲ. ತಕರಾರು ಬಂದದ್ದು ಮೊದಲ ಡಿಸೆಂಬರಿನಲ್ಲಿ. ಅಮೆರಿಕದ ಇಟಾಲಿಯನ್ನರಿಗೂ 24ರ ಸಂಜೆಯೇ ದೊಡ್ಡದು. ಏಳು ಬಗೆ ಮೀನಿನ ಊಟ ಅವರದು. ಒಂದೇ ಸಂಜೆ, ಎರಡು ಅಜ್ಜಿಯರು, ನಡುವೆ ನಲವತ್ತು ನಿಮಿಷದ ಹೆದ್ದಾರಿ. ಕೆಲವು ವರ್ಷ ಒಂದೊಂದು ಮನೆಯ ಸರದಿ ಇಟ್ಟುಕೊಂಡರು. ಒಂದು ವರ್ಷ ಎರಡೂ ಕಡೆ ಉಂಡು ಮಕ್ಕಳು ಕಾರಿನಲ್ಲಿ ವಾಂತಿ ಮಾಡಿಕೊಂಡರು. ಕೊನೆಗೆ ತಾಯಿಯೇ ಸೋತು, ವಿಗಿಲಿಯಾವನ್ನು ಕ್ರಿಸ್ಮಸ್‌ಗೆ ಮುಂಚಿನ ಭಾನುವಾರದ ಮಧ್ಯಾಹ್ನಕ್ಕೆ ಸರಿಸಿದರು. ನಮ್ಮ ಕನ್ನಡ ಕೂಟಗಳಲ್ಲಿ ಯುಗಾದಿ ಶನಿವಾರಕ್ಕೆ ಸರಿಯುವುದನ್ನು ನೋಡಿರುವ ನಾನು ಇದರಲ್ಲಿ ತಪ್ಪೇನು ಎಂದುಕೊಂಡಿದ್ದೆ. ಆದರೆ ‘ವಿಗಿಲಿಯಾ’ ಎಂದರೆ ಜಾಗರಣೆ, ಹಬ್ಬದ ಹಿಂದಿನ ರಾತ್ರಿ ಎಚ್ಚರವಿದ್ದು ಕಾಯುವುದು. ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ಯಾರೂ ಏನನ್ನೂ ಕಾಯುತ್ತಿರುವುದಿಲ್ಲ. ನಕ್ಷತ್ರವಿಲ್ಲ, ಉಪವಾಸವಿಲ್ಲ, ರಾತ್ರಿಯ ಬಲಿಪೂಜೆ ಇಲ್ಲ. ಯುಗಾದಿಯ ಬೇವು-ಬೆಲ್ಲ ಶನಿವಾರವೂ ಕಹಿಯಾಗಿಯೇ ಇರುತ್ತದೆ. ಪೊಂಚ್ಕಿಯೂ ಹಾಗೆಯೇ, ಗುರುವಾರದಿಂದ ಮಂಗಳವಾರಕ್ಕೆ ಸರಿದರೂ ಅದರ ರುಚಿ ಕೆಡಲಿಲ್ಲ. ವಿಗಿಲಿಯಾ ತನ್ನ ಹೊತ್ತನ್ನೇ ತಿರುಳಾಗಿ ಇಟ್ಟುಕೊಂಡ ಹಬ್ಬ. ಸರಿಸಿದರೆ ಅದು ಬರಿಯ ಊಟ.

ಎರಡನೆಯದು ಕೈಗಳು. ಹನ್ನೆರಡು ಬಗೆ ಎಂದರೆ ಹೆಂಗಸೊಬ್ಬಳ ಎರಡು ದಿನದ ದುಡಿಮೆ ಎಂಬುದನ್ನು ಪರಂಪರೆಯ ಬಗ್ಗೆ ಮರುಗುವ ಗಂಡಸರು ಸಾಮಾನ್ಯವಾಗಿ ಮರೆಯುತ್ತಾರೆ. ಬುಶಾ ಹೊರಗೆ ದುಡಿದವರಲ್ಲ; ಮಗಳು ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಮಾಡಿದವರು. ಹನ್ನೆರಡು ಎಂಟಾಯಿತು, ಎಂಟು ಐದಾಯಿತು. ಎಣಿಕೆ ತುಂಬಿಸಲು ಬ್ರೆಡ್ಡು, ಬೆಣ್ಣೆ, ಉಪ್ಪಿನಕಾಯಿಯನ್ನೂ ಲೆಕ್ಕಕ್ಕೆ ಹಿಡಿಯುವ ಜಾಣತನ ಈ ಮನೆಯದು. ಊಷ್ಕಾ ಸಾಯುತ್ತಿರುವುದನ್ನು ನಾನೇ ಕಂಡೆ. ಹೆಬ್ಬೆರಳಿನ ಉಗುರಿನಷ್ಟು ಹೂರಣವನ್ನು ಚೌಕ ಹಾಳೆಯಲ್ಲಿಟ್ಟು, ಮೂಲೆ ಮಡಚಿ, ಕಿರುಬೆರಳಿಗೆ ಸುತ್ತಿ ತುದಿ ಸೇರಿಸಿದರೆ ಕಿವಿಯ ಆಕಾರ ಬರುತ್ತದೆ. ತಾಯಿ ಎಂಟು ಮಾಡಿ ತೋರಿಸಿ, ಬೆರಳ ಗಂಟು ನೋಯುತ್ತದೆಂದು ನಿಲ್ಲಿಸಿದರು. ಸಾರಿಗೆ ಆ ವರ್ಷ ಅಂಗಡಿಯ ಇಟಾಲಿಯನ್ ತೋರ್ಟೆಲ್ಲೀನಿ ಬಿತ್ತು. ಇಟಾಲಿಯನ್ ಸೊಸೆ ಮಾತಾಡಲಿಲ್ಲ, ಮುಸಿಮುಸಿ ನಕ್ಕರು.

ಕೊನೆಯದು ಭಾಷೆ. ನನ್ನನ್ನು ಊಟಕ್ಕೆ ಕರೆದ ವರ್ಷ ಒಪ್ವಾತೆಕ್ ಹಂಚುವುದನ್ನು ಹತ್ತಿರದಿಂದ ನೋಡಿದೆ. ಸಸ್ಯಾಹಾರಿಯಾದ ನನಗೆ ಮೀನೊಂದನ್ನು ಬಿಟ್ಟರೆ ಉಳಿದದ್ದೆಲ್ಲ ನಡೆಯುತ್ತಿತ್ತು. ತಾಯಿ ಹಾಳೆಯನ್ನು ಮುರಿದರು. ಹಿರಿಯ ಮೊಮ್ಮಗನೆದುರು ನಿಂತು ‘ಜ್ದ್ರೋವ್ಯಾ, ಶ್ಚೆಂಶ್ಚಾ’ ಎಂದರು: ಆರೋಗ್ಯ, ಸುಖ. ಬುಶಾಳ ಬಾಯಿಂದ ಕೇಳಿ ಉಳಿಸಿಕೊಂಡ ಎರಡು ಪದ ಅವು. ನಾನು ಆಮೇಲೆ ಕೇಳಿದಾಗ, ಬುಶಾ ಅದರ ಮುಂದೆ ತುಂಬ ಹೊತ್ತು ಏನೇನೋ ಹೇಳುತ್ತಿದ್ದರೆಂದೂ, ಹೇಳುತ್ತ ಅಳುತ್ತಿದ್ದರೆಂದೂ, ಅದು ತಮಗೆ ಅರ್ಧ ಅರ್ಥವಾಗುತ್ತಿತ್ತೆಂದೂ ಹೇಳಿದರು. ಹದಿನಾಲ್ಕರ ಆ ಹುಡುಗ ಕೈಯಲ್ಲಿ ಚೂರು ಹಿಡಿದು, ತನ್ನ ತಂಗಿಯ ಎದುರು ನಿಂತು, ‘ಈಗ ನಾನೇನು ಹೇಳಬೇಕು?’ ಎಂದು ಅಪ್ಪನನ್ನು ಕೇಳಿದ. ಅಪ್ಪ ‘ಏನಾದರೂ ಒಳ್ಳೆಯದು’ ಎಂದರು. ಹುಡುಗ ‘ಮೆರಿ ಕ್ರಿಸ್ಮಸ್’ ಎಂದ. ತಂಗಿಯೂ ಅದನ್ನೇ ಅಂದಳು. ಎರಡು ನಿಮಿಷದಲ್ಲಿ ಎಲ್ಲ ಜೋಡಿಗಳೂ ಮುಗಿದವು.

ಹಾರೈಕೆಯನ್ನು ಇಂಗ್ಲಿಷಿನಲ್ಲಿ ಹೇಳಿದರಾಗದೇ ಎಂದು ಕೇಳಬಹುದು. ಆಗುತ್ತದೆ, ಹೇಳುವ ಮನೆಗಳೂ ಇವೆ. ಆದರೆ ಮಗ ತಂದೆಯ ಮುಖ ನೋಡಿ ‘ನಿಮ್ಮ ಮನಸ್ಸಿನ ಭಾರ ಇಳಿಯಲಿ’ ಎಂಬಂಥ ಮಾತನ್ನು ಎಲ್ಲರೆದುರು ಆಡುವುದಕ್ಕೆ ಪೋಲಿಷಿನಲ್ಲಿ ಒಂದು ಸಿದ್ಧ ದಾರಿ ಇತ್ತು. ಆ ದಾರಿಯಲ್ಲಿ ನಡೆದವರಿಗೆ ಸಂಕೋಚ ಆಗುತ್ತಿರಲಿಲ್ಲ. ಈ ಮನೆಯ ಇಂಗ್ಲಿಷ್ ಬೆಳೆದದ್ದು ಶಾಲೆ, ಕೆಲಸ, ಬೇಸ್‌ಬಾಲುಗಳ ನಡುವೆ. ಅದರಲ್ಲಿ ಹಾಗೆ ಮಾತಾಡಿದರೆ ಯಾರಿಗೋ ಕಾಯಿಲೆಯಾಗಿದೆ ಎಂದು ಉಳಿದವರು ಗಾಬರಿಯಾದಾರು. ಬುಶಾ ಮಕ್ಕಳಿಗೆ ಭಾಷೆ ಕಲಿಸದೆ ಇದ್ದದ್ದು ಅವರನ್ನು ಗೇಲಿಯಿಂದ ಉಳಿಸಲು. ಆ ಲೆಕ್ಕ ಸರಿಯಾಗಿಯೇ ಇತ್ತು, ಮಕ್ಕಳು ಗೆದ್ದರು. ಅದರ ಬೆಲೆ ಈ ಎರಡು ನಿಮಿಷದಲ್ಲಿ ಕಾಣಿಸಿತು.

ಉಳಿದದ್ದರ ಬಗ್ಗೆ

1979ರಲ್ಲಿ ಸಮಾಜಶಾಸ್ತ್ರಜ್ಞ ಹರ್ಬರ್ಟ್ ಗ್ಯಾನ್ಸ್ ಅಮೆರಿಕದ ಮೂರನೆಯ, ನಾಲ್ಕನೆಯ ತಲೆಮಾರಿನ ವಲಸಿಗರ ಈ ಬಗೆಯ ನಂಟನ್ನು ಸಾಂಕೇತಿಕ ಜನಾಂಗೀಯತೆ ಎಂದು ಕರೆದರು: ದಿನದಿನದ ಬದುಕಿಗೆ ಅಡ್ಡ ಬಾರದ, ಬೇಕೆಂದಾಗ ಹಾಕಿ ಬೇಡವೆಂದಾಗ ತೆಗೆಯಬಹುದಾದ ಗುರುತು. ಪೊಂಚ್ಕಿ ಸಾಲಿಗೆ ಈ ಮಾತು ಕೈಗವಸಿನಂತೆ ಹೊಂದುತ್ತದೆ. ಬಫಲೋ ನಗರದಲ್ಲಿ ಈಸ್ಟರ್ ಮರುದಿನದ ‘ಡಿಂಗುಸ್’ಗೂ ಹೊಂದುತ್ತದೆ. ಪೋಲೆಂಡಿನ ಹಳ್ಳಿಗಳಲ್ಲಿ ಹುಡುಗರು ಹುಡುಗಿಯರಿಗೆ ನೀರೆರಚುತ್ತಿದ್ದ ಆ ದಿನವನ್ನು 1960ರ ದಶಕದ ಮೊದಲಲ್ಲಿ ಅಲ್ಲಿನ ಷೋಪನ್ ಗಾಯಕ ಸಂಘದವರು ಕೂಟವಾಗಿ ಎತ್ತಿಹಿಡಿದರು. ಈಗ ಅಲ್ಲಿ ದೊಡ್ಡ ಮೆರವಣಿಗೆಯೇ ನಡೆಯುತ್ತದೆ, ಆ ದಿನ ಎಲ್ಲರೂ ಪೋಲಿಷರೇ. ಬೀದಿಗೆ ಬಂದ ಹಬ್ಬಕ್ಕೆ ನೆರೆಯವರು ಸೇರಿಕೊಳ್ಳುತ್ತಾರೆ, ವ್ಯಾಪಾರ ಹುಟ್ಟುತ್ತದೆ, ವ್ಯಾಪಾರ ಅದನ್ನು ಮರುವರ್ಷ ತಾನೇ ಎಳೆದು ತರುತ್ತದೆ. ಮನೆಯೊಳಗಿನ ಹಬ್ಬಕ್ಕೆ ಅಂಥ ಎಳೆಯುವವರಿಲ್ಲ.

ಹಾಗೆಂದು ಪೊಂಚ್ಕಿಯನ್ನು ಹುಸಿ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಮನೆಯಲ್ಲಿದ್ದ ಹಂದಿ ಕೊಬ್ಬು, ಸಕ್ಕರೆ, ಮೊಟ್ಟೆಗಳನ್ನು ವ್ರತಕ್ಕೆ ಮುಂಚೆ ಮುಗಿಸುವುದು ಅದರ ಮೂಲ. ಹಿಟ್ಟಿಗೆ ಒಂದು ಚಮಚ ಮದ್ಯ ಸೇರಿಸಿದರೆ ಕೊ‌ಬ್ಬು ಒಳಗೆ ಹೀರುವುದಿಲ್ಲ. ಸರಿಯಾಗಿ ಉಬ್ಬಿದ್ದು ಬಾಣಲೆಯಲ್ಲಿ ತೇಲುವುದರಿಂದ ನಡುವಿನಲ್ಲಿ ಸುತ್ತ ಒಂದು ಬಿಳಿ ಪಟ್ಟಿ ಉಳಿಯುತ್ತದೆ. ಆ ಪಟ್ಟಿ ನೋಡಿಯೇ ಸಹೋದ್ಯೋಗಿಯ ತಾಯಿ ಡಬ್ಬವನ್ನು ಒಪ್ಪುತ್ತಾರೆ ಅಥವಾ ಮೂಗು ಮುರಿಯುತ್ತಾರೆ. ಹೂರಣ ಒಣ ಪ್ಲಮ್ ಹಣ್ಣಿನದಾಗಿರಬೇಕು, ಇಲ್ಲವೇ ಗುಲಾಬಿಯದು. ಕಸ್ಟರ್ಡ್ ಹಾಕಿದ್ದನ್ನು ಅವರು ಪೊಂಚ್ಕಿ ಎಂದು ಕರೆಯುವುದೇ ಇಲ್ಲ. ಇಷ್ಟು ನಿಖರವಾದ ತಿಳಿವಳಿಕೆ ಅವರ ಮೊಮ್ಮಗನಿಗೂ ಬಂದಿದೆ, ಭಾಷೆಯ ಹಂಗಿಲ್ಲದೆ.

ಪಿಯೆರೋಗಿಯ ಪಾಡೂ ಈ ಮನೆಯಲ್ಲಿ ಹೀಗೆಯೇ ಆಯಿತು, ಬೇರೆ ರೀತಿಯಲ್ಲಿ. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಮರುದಿನದ ಶುಕ್ರವಾರ ಎಲ್ಲರಿಗೂ ರಜೆ. ಅಂದು ಮಕ್ಕಳು, ಸೊಸೆ, ಸೊಸೆಯ ತಾಯಿ ಸಮೇತ ಒಟ್ಟು ಕುಳಿತು ಇನ್ನೂರು ಪಿಯೆರೋಗಿ ಮಾಡಿ ಫ್ರೀಜರಿಗೆ ತುಂಬುತ್ತಾರೆ. ಲಟ್ಟಣಿಗೆ ಇಟಾಲಿಯನ್ ಅಜ್ಜಿಯದು, ಲೋಟದಿಂದ ವೃತ್ತ ಕತ್ತರಿಸುವುದು ಹುಡುಗನ ಕೆಲಸ, ಅಂಚು ಒತ್ತುವುದು ಹುಡುಗಿಯದು. ಆಲೂಗಡ್ಡೆ ಮತ್ತು ಗಿಣ್ಣಿನ ಹೂರಣಕ್ಕೆ ನಾನು ಒಮ್ಮೆ ಹಸಿಮೆಣಸು ಸೇರಿಸಿಕೊಟ್ಟೆ. ಚೀಲದ ಮೇಲೆ ‘ಖಾರ’ ಎಂದು ಬರೆದಿಟ್ಟರು. ಅದು ಮೊದಲು ಖಾಲಿಯಾಯಿತಂತೆ. ಯಾವ ಪಂಚಾಂಗದಲ್ಲೂ ಇಲ್ಲದ ಈ ದಿನ ಮಕ್ಕಳ ಪಾಲಿಗೆ ಪೋಲಿಷ್ ಹಬ್ಬ. ಕ್ರಿಸ್ಮಸ್ ಮುಂಚಿನ ಭಾನುವಾರದ ಊಟಕ್ಕೆ ಬರಲು ಹುಡುಗ ಗೊಣಗುತ್ತಾನೆ, ಈ ಶುಕ್ರವಾರಕ್ಕೆ ತಾನೇ ಮೊದಲು ಹಾಜರಾಗುತ್ತಾನೆ. ಅಲ್ಲಿ ಮಾಡಲು ಕೆಲಸವಿದೆ, ಹೇಳಲೇಬೇಕಾದ ಮಾತಿಲ್ಲ.

ಹ್ಯಾಮ್‌ಟ್ರ್ಯಾಮಿಕ್‌ನ ಸಂತ ಫ್ಲೋರಿಯನ್ ಚರ್ಚಿನಲ್ಲಿ ಪೋಲಿಷ್ ಬಲಿಪೂಜೆ ನಿಂತಿಲ್ಲ. ಈಸ್ಟರ್‌ನ ಹಿಂದಿನ ಶನಿವಾರ ಮೊಟ್ಟೆ, ಸಾಸೇಜು, ಉಪ್ಪು, ಬೆಣ್ಣೆಯಲ್ಲಿ ತಿದ್ದಿದ ಕುರಿಮರಿಗಳನ್ನಿಟ್ಟ ಬುಟ್ಟಿಗಳನ್ನು ಆಶೀರ್ವಾದಕ್ಕೆ ತರುವ ರೂಢಿ ಉಪನಗರಗಳ ಚರ್ಚುಗಳಿಗೂ ಹಬ್ಬಿದೆ. ಎತ್ತಿ ಒಯ್ಯಬಹುದಾದದ್ದು ಎಂಬುದೂ ಅದಕ್ಕೆ ಕಾರಣವಿರಬೇಕು. ಸಹೋದ್ಯೋಗಿಯ ತಾಯಿ ವರ್ಷಕ್ಕೆ ಮೂರು ಸಲ ಹಳೆಯ ಊರಿಗೆ ಹೋಗುತ್ತಾರೆ: ಪೊಂಚ್ಕಿಗೆ, ಈಸ್ಟರ್ ಸಾಸೇಜಿಗೆ, ಡಿಸೆಂಬರಿನಲ್ಲಿ ಒಪ್ವಾತೆಕ್ ಲಕೋಟೆಗೆ. ಬುಶಾಳ ಮನೆಯಲ್ಲಿ ಈಗ ಇರುವುದು ಬಾಂಗ್ಲಾದೇಶದ ಕುಟುಂಬ. ಹಿತ್ತಿಲಿನಲ್ಲಿ ಸೋರೆಕಾಯಿಯ ಚಪ್ಪರ ಹಾಕಿದ್ದಾರೆ. ಬುಶಾ ಅಲ್ಲಿಯೇ ಬೀಟ್‌ರೂಟ್ ಬೆಳೆಯುತ್ತಿದ್ದರಂತೆ. ಒಮ್ಮೆ ಕಾರು ನಿಲ್ಲಿಸಿ ನೋಡುತ್ತಿದ್ದಾಗ ಆ ಮನೆಯ ಹೆಂಗಸು ಹೊರಗೆ ಬಂದು, ಯಾರು, ಏನು ಎಂದು ವಿಚಾರಿಸಿ, ಒಂದು ಸೋರೆಕಾಯಿ ಕೊಟ್ಟು ಕಳಿಸಿದರು. ಅದನ್ನು ಏನು ಮಾಡುವುದೆಂದು ಕೇಳಲು ನನಗೆ ಫೋನು ಬಂದಿತ್ತು.

ಕಳೆದ ಮಾರ್ಚಿನಲ್ಲಿ ಒಂದು ಕೆಲಸದ ಮೇಲೆ ಆ ಮನೆಗೆ ಹೋದಾಗ ಫ್ರಿಜ್ಜಿನ ಬಾಗಿಲ ಮೇಲೆ, ಆಯಸ್ಕಾಂತದ ಕೆಳಗೆ, ಒಪ್ವಾತೆಕ್ ಲಕೋಟೆ ಇನ್ನೂ ಇತ್ತು. ಒಳಗೆ ಒಂದು ಹಾಳೆ ಉಳಿದಿತ್ತು. ಹಿಂದಿನ ಕ್ರಿಸ್ಮಸ್‌ಗೆ ಮಕ್ಕಳು ಇಟಾಲಿಯನ್ ಅಜ್ಜಿಯ ಮನೆಯಲ್ಲೇ ಉಳಿದಿದ್ದರಿಂದ ಮುರಿಯಲು ಜನ ಸಾಲದೆ ಹೋಗಿತ್ತು. ಆಶೀರ್ವದಿಸಿದ್ದನ್ನು ಕಸಕ್ಕೆ ಹಾಕುವಂತಿಲ್ಲ, ಇಟ್ಟರೆ ಮೆತ್ತಗಾಗುತ್ತದೆ ಎಂದು ಗೊಣಗುತ್ತ ಅವರು ಅದನ್ನು ತೆಗೆದು, ಹಿಂದಿನ ಬಾಗಿಲು ತೆರೆದು, ಅಂಗೈಯಲ್ಲಿ ಪುಡಿ ಮಾಡಿ ಹಕ್ಕಿಗಳ ತಟ್ಟೆಗೆ ಉದುರಿಸಿದರು. ದನಕರುಗಳಿಗೂ ಒಪ್ವಾತೆಕ್ ಕೊಡುತ್ತಿದ್ದರೆಂಬ ಸಂಗತಿಯನ್ನು ನಾನು ಆಗ ಹೇಳಿದೆ. ಅವರು ಅದನ್ನು ಎಂದೂ ಕೇಳಿರಲಿಲ್ಲ. ‘ಅವುಗಳಿಗೆ ಏನೆಂದು ಹಾರೈಸುತ್ತಿದ್ದರು?’ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಒಂದು ಗುಬ್ಬಚ್ಚಿ ಆಗಲೇ ಬಂದು ಕೂತಿತ್ತು.